ಒಂದು ಸಲ ಕೊಟ್ಟವನಿಗೆ ಶಾಲು

ಮಧುಗಿರಿಯ ರಕ್ತದಾನಿಗಳ ಬಳಗದ ಅಧ್ಯಕ್ಷರಾದ ರೇಣುಕಪ್ರಸಾದ್ ಅವರೇ, ವೇದಿಕೆಯ ಗಣ್ಯರೇ, ಇಂದು ಸನ್ಮಾನಗೊಂಡ ನನ್ನ ತಮ್ಮ ಪ್ರಭುದೇವನೇ, ಮುಂದಿನ ಸಾಲಿನಲ್ಲಿ ಮಾಸ್ಕ್ ಹಾಕಿ ಕುಳಿತಿರುವ ತಂಗಿ ಜಗದಾಂಬಳೇ, ಸಭಿಕರೇ,

ಈ ಬಳಗದ ಮೂಲಕ ನಾನು ನಲವತ್ತೊಂದು ಸಲ ರಕ್ತ ಕೊಟ್ಟಿದ್ದೇನೆ. ಶಾಲು ಬಂದಿತೇ? ಬಿಸ್ಕತ್ತು ಬಂದಿತು. ಒಂದೇ ಸಲ ಕೊಟ್ಟವನಿಗೆ ಶಾಲು, ಹಾರ, ಫಲಕ. ಇರಲಿ. ಹೊಟ್ಟೆಕಿಚ್ಚು ಎನ್ನಬೇಡಿ.

ಕಳೆದ ವರ್ಷ ಜಗದಾಂಬಳಿಗೆ ಲಿಂಫೋಮಾ ಎಂಬ ಕ್ಯಾನ್ಸರ್ ಬಂದಿತು. ಅದರಲ್ಲೂ ಅಪರೂಪದ, ಬಹುಬೇಗ ಹಬ್ಬುವ ಬಗೆ. ಕೀಮೋ ಕೊಟ್ಟರು, ತಗ್ಗಿತು. ಮರುಕಳಿಸುವ ಮೊದಲೇ ಒಡಹುಟ್ಟಿದವರ ಸ್ಟೆಮ್ ಸೆಲ್, ಅಂದರೆ ಆಕರಕೋಶ, ಹಾಕಬೇಕು ಎಂದರು ಬೆಂಗಳೂರಿನ ಡಾಕ್ಟರು. ಅವಳ ಎರಡು ಹೆರಿಗೆಗೂ ರಕ್ತ ಕೊಟ್ಟವನು ನಾನು. ನಮ್ಮಿಬ್ಬರದೂ ಓ ಪಾಸಿಟಿವ್. ನನ್ನದಲ್ಲದೆ ಇನ್ನಾರದು ಹೊಂದೀತು? ಹೊಂದಲಿಲ್ಲ. ರಕ್ತದ ಗುಂಪು ಬೇರೆ, ಈ ಹೊಂದಿಕೆಯೇ ಬೇರೆಯಂತೆ.

"ಒಡಹುಟ್ಟಿದವರು ಇನ್ಯಾರಾದರೂ ಇದ್ದಾರೆಯೇ?" ಎಂದು ಕೇಳಿದರು. "ನಾವಿಬ್ಬರೇ" ಎಂದೆ.

ಯಾಕೆ ಹಾಗೆ ನೋಡುತ್ತೀರಿ? ಈ ಪ್ರಭು ಬೇರೆ ಜಾತಿಯಲ್ಲಿ ಮದುವೆಯಾಗಿ ಪಾವಗಡ ಸೇರಿ ಹನ್ನೆರಡು ವರ್ಷ. ಅಮ್ಮ ತೀರಿಕೊಂಡಾಗ ಶಿವಗಣಾರಾಧನೆಯ ಕಾರ್ಡಿನಲ್ಲಿ ಇಬ್ಬರೇ ಮಕ್ಕಳ ಹೆಸರು ಅಚ್ಚು ಹಾಕಿಸಿದವನು ನಾನೇ. ಹೇಳಿ ಹೇಳಿ ಬಾಯಿಗೆ ರೂಢಿಯಾಗಿತ್ತು. ಇಪ್ಪತ್ತು ದಿನ ಹೊರಗಿನ ದಾನಿಯನ್ನು ಹುಡುಕಿದರು. ಜ್ವರದಲ್ಲಿದ್ದ ಇವಳಿಗೆ ಇದ್ಯಾವುದರ ಅರಿವೂ ಇರಲಿಲ್ಲ. ಜ್ವರ ಬಿಟ್ಟ ದಿನ ಕೇಳಿದಳು:

"ಪ್ರಭುಗೆ ಹೇಳಿದ್ಯೇನಣ್ಣಾ?"

"ನಂಬರ್ ಇಲ್ಲ ಕಣಮ್ಮ."

"ನನ್ನತ್ರ ಐತೆ. ಪ್ರತಿ ಭಾನುವಾರ ಮಾತಾಡ್ತೀನಿ. ನಾನೂ ಹೋಗಿ ನಿನ್ನ ಕಾರ್ಡ್‌ನಾಗೆ ನೀನೊಬ್ಬನೇ ಉಳೀಬೇಕು ಅಂತ ಆಸೆ ಏನ್ಲಾ ನಿಂಗೆ?"

ನನ್ನನ್ನು 'ಲಾ' ಎಂದದ್ದು ಅದೇ ಮೊದಲು. ಹನ್ನೆರಡು ವರ್ಷ, ಪ್ರತಿ ಭಾನುವಾರ! ನನಗೆ ಮಾತ್ರ ಹಬ್ಬಕ್ಕೊಂದು ಫೋನು.

ಅವಳು ಫೋನ್ ಮಾಡಿದಳು, ಪ್ರಭು ಅಂದೇ ಬಂದ. ಪೂರ್ತಿ ಹೊಂದಿತು. ಐದು ದಿನ ಇಂಜೆಕ್ಷನ್, ಆಮೇಲೆ ನಾಲ್ಕು ಗಂಟೆ ಯಂತ್ರದ ಪಕ್ಕ ಮಲಗಿ ಮೊಬೈಲಿನಲ್ಲಿ ಕ್ರಿಕೆಟ್ ನೋಡಿದ. ಇಷ್ಟೇ ಸಾಹಸ! ಈಗ ಅವಳ ರಕ್ತದ ಗುಂಪೂ ಇವನದೇ ಆಗಿದೆ, ಬಿ ಪಾಸಿಟಿವ್. ಮೊನ್ನೆ ಲ್ಯಾಬಿನ ಚೀಟಿಯನ್ನು ಮೂರು ಸಲ ಓದಿದೆ.

ಪ್ರಭು, ಏಕೆ ಎದ್ದು ನಿಂತೆ? ಆ ಇಪ್ಪತ್ತು ದಿನದ ವಿಷಯ ಅಕ್ಕ ನಿನಗೆ ಹೇಳಿಲ್ಲವೇ? ಇಷ್ಟೊಂದು ಭಾನುವಾರಗಳಲ್ಲಿ ಒಮ್ಮೆಯೂ?

ಹಾಗಾದರೆ ನನಗಾಗಿಯೂ ಅವಳು ಒಂದು ಗುಟ್ಟನ್ನು ಕಾಪಾಡಿಕೊಂಡಿದ್ದಳು, ಸಭಿಕರೇ. ಅದನ್ನು ನಾನೇ ಈಗ ಮೈಕಿನಲ್ಲಿ ಹೇಳಿ ಕಳೆದುಕೊಂಡೆ.

ಕುಳಿತು ಕೇಳಿದ ನಿಮಗೆ ಕೃತಜ್ಞತೆಗಳು. ಜಗದಾಂಬಾ, ನಿನಗೂ. ನಮಸ್ಕಾರ.