ಎದೆಗೊಂದು, ಹೊಟ್ಟೆಗೊಂದು ಪಟ್ಟಿ

ಇನ್ನೊಂದು ಸಲ ನೋಡ್ಬೇಕು ಅಂದ್ರೆ ಏನಮ್ಮ ಅರ್ಥ? ನೋಡೋಕೆ ಏನಿದೆ? ಉಸಿರು ಅಳೆಯೋ ಪಟ್ಟಿ ಎರಡೂ ಇವೆ, ಅದರ ಡಬ್ಬಿ ಇದೆ, ಚಾರ್ಜರ್ ಇದೆ. ಒಂದು ಗೀರೂ ಬಿದ್ದಿಲ್ಲ. ಶನಿವಾರ ನೀನೇ ನನ್ನ ಕೈಗೆ ಕೊಟ್ಟೆ. ಎದೆಗೊಂದು, ಹೊಟ್ಟೆಗೊಂದು, ಹಗಲು ಮೂರು ಗಂಟೆ ಹೊತ್ತು ಕಟ್ಟಿ. ಮಗು ಸುಮ್ಮನೆ ಉಸಿರಾಡಿದ್ರೆ ಸಾಕು ಅಂದೆ. ಕಟ್ಟಿದ್ವಿ. ಉಸಿರಾಡಿದಳು. ವರದಿಯ ಕಾಗದ ಬಂತು. ಇನ್ನೇನು? ಸಹಿ ಹಾಕು, ಹೊರಡ್ತೀವಿ.

ನೋಡು, ನಿನ್ನ ಕಂಪ್ಯೂಟರೇ ಹೇಳ್ತಿದೆ! ಎರಡು ಗೆರೆ. ಒಟ್ಟಿಗೆ ಏರ್ತವೆ, ಒಟ್ಟಿಗೆ ಇಳೀತವೆ. ಹಾಗಿದ್ರೆ ಸರಿ ಅಂತ ಹೇಳ್ಕೊಟ್ಟವಳು ನೀನು. ಹೊಟ್ಟೆ ಏಳುವಾಗ ಎದೆ ಒಳಕ್ಕೆ ಹೋದ್ರೆ ತೊಂದರೆ ಅಂದವಳೂ ನೀನೇ. ಎಲ್ಲಿ ಹೋಗಿದೆ ಒಳಕ್ಕೆ? ತೋರಿಸು!

ಯಾಕೆ ನಗ್ತೀಯ? ... ನಗಲಿಲ್ವಾ? ಸರಿ. ಈ ಆಸ್ಪತ್ರೆಯಲ್ಲಿ ಯಾರ ತುಟಿ ಅಲ್ಲಾಡಿದ್ರೂ ನನಗೆ ನಕ್ಕ ಹಾಗೇ ಕಾಣುತ್ತೆ.

ಹಿಂದಿನ ಸಲ ಬಂದಾಗ ನೀನಿರಲಿಲ್ಲ. ಈ ಕುರ್ಚಿಯಲ್ಲಿ ಇನ್ನೊಬ್ಬ ಇದ್ದ. ಈ ನನ್ನ ಮಗಳ ಬಾಯಿಗೆ ಕೊಳವೆ ಇಟ್ಟು ಊದು, ಊದು, ಇನ್ನೂ ಜೋರಾಗಿ ಊದು ಅಂದ. ತುಟಿ ಮುಚ್ಚೋಕೇ ಬರಲ್ಲ ಇವಳಿಗೆ! ಒಂಬತ್ತು ವರ್ಷದಿಂದ ಜೊಲ್ಲು ಒರೆಸ್ತಿರೋಳು ನಾನು, ನನಗೆ ಗೊತ್ತಿಲ್ವಾ? ಹತ್ತು ಸಲ ಊದಿಸಿದ. ಮಗು ಬೆವೆತು ತೊಪ್ಪೆಯಾಯ್ತು. ಕೊನೆಗೆ ಫೈಲಿನಲ್ಲಿ ಏನು ಬರೆದ? "ಸಹಕರಿಸಲಿಲ್ಲ." ಸಹಕರಿಸಲಿಲ್ಲವಂತೆ!

ಶಾಲೆಯವರಿಗೆ ಆ ಒಂದು ಮಾತು ಸಾಕಾಯ್ತು. ಉಸಿರಾಟ ಸರಿ ಇದೆ ಅಂತ ಕಾಗದ ತನ್ನಿ, ಆಮೇಲೆ ಕಳಿಸಿ ಅಂದ್ರು. ಏಳು ತಿಂಗಳಾಯ್ತು. ಏಳು ತಿಂಗಳಿಂದ ನನ್ನ ಹೊಲಿಗೆ ಮಷೀನಿನ ಪಕ್ಕ ಕೂತು ಗೋಡೆ ನೋಡ್ತಾಳೆ. ಶಾಲೆಯಲ್ಲಿ ಮಾತು ಬಾರದ ಇವಳಿಗೆ ಕಣ್ಣಲ್ಲೇ ಹೇಳೋಕೆ ಒಂದು ಚಿತ್ರದ ಹಲಗೆ ಇತ್ತಮ್ಮ. ಲೋಟ ನೋಡಿದ್ರೆ ನೀರು, ಬಾಗಿಲು ನೋಡಿದ್ರೆ ಹೊರಗೆ. ಒಂದು ದಿನ ಮೊದಲು ಟೀಚರನ್ನ ನೋಡಿದಳಂತೆ, ಆಮೇಲೆ ಬಾಗಿಲು. ಟೀಚರ್, ಹೊರಗೆ ನಡೀರಿ! ಇಡೀ ಕ್ಲಾಸು ಬಿದ್ದು ಬಿದ್ದು ನಕ್ತಂತೆ. ಇಂಥವಳು ಸಹಕರಿಸಲ್ವಂತೆ.

ಹೂಂ, ಸಹಿ. ಅಲ್ಲಿ, ಕೆಳಗೆ.

... ಪಟ್ಟಿ ಯಾಕೆ ತಿರುಗಿಸ್ತೀಯ? ಕೊಳೆಯಾಗಿದ್ರೆ ಒಗೆದು ತಂದ್ಕೊಡ್ತೀನಿ. ಏನು? ಸೂಜಿ ತೂತಾ? ಎಲ್ಲಿ... ಓ, ಅದಾ! ಟೈಲರ್ ಕಣಮ್ಮ ನಾನು. ಪಟ್ಟಿ ಕಳಚದ ಹಾಗೆ ಪೆಟಿಕೋಟಿಗೆ ಸೇರಿಸಿ ಕಚ್ಚಾ ಹೊಲಿಗೆ ಹಾಕಿದ್ದೆ, ಆಮೇಲೆ ಬಿಚ್ಚಿದೆ. ಎಲಾಸ್ಟಿಕ್ಕಿಗೆ ಏನೂ ಆಗಿಲ್ಲ, ಎಳೆದು ನೋಡು. ಎಲಾಸ್ಟಿಕ್ಕಿನ ವಿಷಯದಲ್ಲಿ ಮಾತ್ರ ನನಗೆ ಪಾಠ ಹೇಳ್ಬೇಡ.

ಮತ್ತೆ, ಮಕ್ಕಳು ಕೈ ಸುಮ್ಮನಿಡ್ತಾರಾ? ಆ ಚರ್ ಅಂತ ಬಿಚ್ಚೋ ಅಂಟು ಇದೆಯಲ್ಲ, ಅದು ಸಿಕ್ಕಿದ್ದೇ ಆಟ! ಕೀಳೋದು, ಅಂಟಿಸೋದು, ಕೀಳೋದು, ಅಂಟಿಸೋದು. ಬೈದು ಬೈದು ಸಾಕಾಗಿ ಸೂಜಿ ತಗೊಂಡೆ...

ಏನು?

ಇವಳ ಕೈ ಯಾಕೆ ನೋಡ್ತೀಯ?

... ಮುಷ್ಟಿ. ಹೌದು. ಹುಟ್ಟಿದಾಗಿಂದ ಮುಷ್ಟಿಯೇ. ಸ್ನಾನ ಮಾಡಿಸುವಾಗ ಒಂದೊಂದೇ ಬೆರಳು ನಾನು ಬಿಡಿಸ್ಬೇಕು.

ಬೈಯಮ್ಮ. ಬೈದುಬಿಡು! ... ಹೌದು, ಚಿಕ್ಕವಳಿಗೆ ಕಟ್ಟಿದೆ. ಇವಳ ತಂಗಿಗೆ. ಎದೆಯ ಸುತ್ತಳತೆ ಇಬ್ಬರದೂ ಒಂದೇ, ಟೇಪ್ ಹಿಡಿದೇ ನೋಡಿದ್ದೆ. ಏನೀಗ? ಪೊಲೀಸರನ್ನ ಕರೀತೀಯಾ? ಊದೋಕೆ ಬಾರದವಳ ಕೈಲಿ ಊದಿಸಿ ನೀವು ಸುಳ್ಳು ಬರೆದ್ರಿ. ನಾನು ಸುಳ್ಳು ತಂದೆ. ಸಮ ಆಯ್ತು. ನನಗೇನೂ ನಾಚಿಕೆ ಇಲ್ಲ. ನಿನಗೆ ಹೀಗೊಬ್ಬ ಮಗಳಿದ್ದು, ದಿನಾ ಬೆಳಿಗ್ಗೆ ಶಾಲೆ ವ್ಯಾನು ಬಾಗಿಲ ಮುಂದೆ ನಿಲ್ಲದೆ ಹೋಗೋದನ್ನ ಅವಳು ಕತ್ತು ತಿರುಗಿಸಿ ನೋಡ್ತಿದ್ರೆ, ಆಗ ಹೇಳು ನನಗೆ ನ್ಯಾಯ!

ಏಯ್, ಎಲ್ಲಿಗೆ? ಮುಟ್ಟಬೇಡ ಅವಳನ್ನ! ... ಮುಟ್ಟಲ್ವಾ? ಮತ್ಯಾಕೆ ಅವಳ ಮುಂದೆ ಮಂಡಿಯೂರಿದೆ? ಅಂಗಿ ಎತ್ತಬೇಕಾ? ಅವಳನ್ನೇ ಕೇಳು, ನನ್ನನ್ನಲ್ಲ. ... ಹೂಂ ಅಂದಳು. ಕಣ್ಣು ಮುಚ್ಚಿ ತೆಗೆದ್ರೆ ಹೂಂ ಅಂತ.

ಪಟ್ಟಿ ಕಟ್ಟಲ್ವಾ? ಡಬ್ಬಿನೂ ಬೇಡ್ವಾ? ಬರೀ ಕಣ್ಣಲ್ಲಿ ನೋಡ್ತೀಯಾ? ಚೆನ್ನಾಗಿದೆ! ಇಷ್ಟೆಲ್ಲ ಓದಿ ಬಂದು ಬರೀ ಕಣ್ಣಲ್ಲಿ... ವಾಚ್ ಯಾಕೆ ಬಿಚ್ಚಿದೆ?

ಈಗ ಉಸಿರು ಎಣಿಸಿದ್ರೆ ಸರಿಯಾಗಿ ಗೊತ್ತಾಗಲ್ಲ. ದಾರಿ ಉದ್ದಕ್ಕೂ ಬಿಸಿಲು. ... ನಿನ್ನನ್ನ ಕಂಡು ಗಾಬರಿ ಬೇರೆ. ... ಗಾಲಿಕುರ್ಚಿಯಲ್ಲಿ ಸ್ವಲ್ಪ ಜಾರಿದ್ದಾಳೆ, ಅದಕ್ಕೇ ಎದೆ ಹಾಗೆ ಒಳಕ್ಕೆ...

ಇನ್ನೂ ಎಣಿಸ್ತಿದ್ದೀಯಾ?

ಒಂದು ನಿಮಿಷ ಇಷ್ಟು ಉದ್ದ ಇರುತ್ತಾ!

... ನಾನೇ ಹೇಳ್ತೀನಿ. ನಲವತ್ತೊಂದು ಬರುತ್ತೆ. ಚಿಕ್ಕವಳದು ನಿಮಿಷಕ್ಕೆ ಇಪ್ಪತ್ತೆರಡು. ಇವಳದು ಭಾನುವಾರ ಮೂವತ್ತಾರಿತ್ತು. ಮಂಗಳವಾರ ಮೂವತ್ತೊಂಬತ್ತು. ಇವತ್ತು ಬೆಳಿಗ್ಗೆ ನಲವತ್ತೊಂದು. ದಿನಾ ಎಣಿಸ್ತೀನಿ. ಅಂಗಿ ಬದಲಾಯಿಸೋ ನೆಪದಲ್ಲಿ ಎಣಿಸ್ತೀನಿ. ಪಟ್ಟಿ ಮೊದಲು ಇವಳಿಗೇ ಕಟ್ಟಿದ್ದು. ಹೊಟ್ಟೆ ಮೇಲೆ ಬಂತು, ಎದೆ ಒಳಗೆ ಹೋಯ್ತು. ಮತ್ತೆ ಹಾಗೇ. ಮತ್ತೆ ಹಾಗೇ. ಡಬ್ಬಿಯ ಗುಂಡಿ ಒತ್ತೋಕೆ ಮೊದಲೇ ಬಿಚ್ಚಿಬಿಟ್ಟೆ. ನಮ್ಮನೆಯವರಿಗೂ ಹೇಳಿಲ್ಲ.

ಮುಗೀತಾ? ಎಷ್ಟು ಬಂತು?

... ಅದಕ್ಕಿಂತಲೂ ಜಾಸ್ತಿಯಾ?

... ಕರಿ. ದೊಡ್ಡ ಡಾಕ್ಟರನ್ನೇ ಕರಿ. ನನ್ನ ಮುಖ ಏನು ನೋಡ್ತೀಯ, ಓಡು! ಶಾಲೆ ಕಾಯಲಿ.