ಮುಂಗೈಗೆ ಕೊಟ್ಟ ಮುತ್ತು

ಹಲ್ಲಿನ ಡಾಕ್ಟರ ಹೊರಕೋಣೆಯ ಟಿವಿಯಲ್ಲಿ ಧಾರಾವಾಹಿಯ ಪ್ರೇಮಿಗಳು ಮುದ್ದಾಡುತ್ತಿದ್ದರು. ನನ್ನ ಪಕ್ಕ ಕೆನ್ನೆ ಊದಿಸಿಕೊಂಡು ಕುಳಿತಿದ್ದವನಿಗೆ ಹಲ್ಲುನೋವಿಗಿಂತ ಹೊಟ್ಟೆಯುರಿಯೇ ಹೆಚ್ಚಾದಂತಿತ್ತು. ಹೆಂಡತಿಯತ್ತ ತಿರುಗಿದ.

“ಆ ಹೀರೋಯಿನ್‌ಗೆ ನಿಂದೇ ದನಿ ಅಲ್ವಾ?”

“ಹೂಂ, ಹೋದ ವಾರ ಡಬ್ಬಿಂಗ್ ಮಾಡಿದ್ದು.”

“ಆ ಮುತ್ತಿನ ಶಬ್ದ?”

“ನನ್ನ ಮುಂಗೈಗೆ ನಾನೇ ಕೊಟ್ಕೊಂಡೆ. ಎಲ್ರೂ ಹಾಗೇ ಮಾಡೋದು.”

“ಹೀರೋಗೆ ದನಿ ಕೊಡೋನು ಪಕ್ಕದಲ್ಲೇ ಇದ್ನಾ?”

“ಅವನು ಹಿಂದಿನ ದಿನಾನೇ ಮುಗಿಸ್ಕೊಂಡು ಹೋಗಿದ್ದ. ಮುಖಾನೂ ನೋಡಿಲ್ಲ.”

“ಮತ್ತೆ ಅಷ್ಟು ಪ್ರೀತಿ ಎಲ್ಲಿಂದ ಉಕ್ಕಿ ಬಂತು? ನನ್ನ ಹತ್ರ ಒಂದಿನಾನೂ ಹೀಗೆ ಮಾತಾಡಿಲ್ಲ.”

“ಆಡಿದ್ದೆ ಕಣ್ರೀ. ನೀವು ಟಿವಿ ಸೌಂಡ್ ಜಾಸ್ತಿ ಮಾಡಿದ್ರಿ.”

ಒಳಗಿನಿಂದ ಕರೆದರು. ಇಬ್ಬರೂ ಎದ್ದರು. ಬಾಗಿಲು ದಾಟುವವರೆಗೂ ಆತನ ಕಣ್ಣು ಅವಳ ಮುಂಗೈ ಮೇಲೇ ಇತ್ತು.