ಪುಟ್ಟಿಗೂ ಒಂದು ಕೀಲಿ

ಕೀಲಿಕೈ ಮಾಡುವವನ ಅಂಗಡಿಯಲ್ಲಿ ನನ್ನ ಮುಂದೆ ಅತ್ತೆ ಸೊಸೆ ನಿಂತಿದ್ದರು. ಮೇಜಿನ ಮೇಲೆ ಅವರ ಮನೆಬಾಗಿಲಿನ ಹೊಸ ಬೀಗವಿತ್ತು. ಯಂತ್ರದ ಗರಗರ ಸದ್ದಿನಲ್ಲಿ ತಮ್ಮ ಮಾತು ಯಾರಿಗೂ ಕೇಳಿಸದು ಎಂದುಕೊಂಡಿರಬೇಕು.

“ಅತ್ತೆ, ಪುಟ್ಟಿ ಸ್ವಲ್ಪ ದಿನ ನಮ್ಮಮ್ಮನ ಮನೇಲಿರಲಿ. ಗಲಾಟೆ ತಣ್ಣಗಾಗಲಿ.”

“ಕೌನ್ಸೆಲರ್ ಮೇಡಂ ಹೇಳಿದ್ದು ಮರೆತ್ಯಾ? ಇಂಥ ಮನೆಗಳ ಮೇಲೇ ಸಂಶೋಧನೆ ಮಾಡಿದೋರು. ಮಗು ಮೈಮೇಲೆ ಕೈಹಾಕಿದೋನು ಮನೇಲೇ ಉಂಡ್ಕೊಂಡಿರ್ತಾನೆ, ಮಗೂನ ನೆಂಟರ ಮನೆಗೆ ಸಾಗಹಾಕ್ತಾರೆ ಅಂದ್ರಲ್ಲ.”

“ಅಂದ್ರು. ಆದ್ರೂ ಮೈದುನ ನಿಮ್ಮ ಹೊಟ್ಟೇಲಿ ಹುಟ್ಟಿದೋರು.”

“ಹೌದು, ಹೆತ್ತಿದ್ದು ನಾನೇ. ಅದಕ್ಕೇ ಪೊಲೀಸರ ಹತ್ರಾನೂ ನಾನೇ ಹೋದೆ.”

“ನಾದಿನಿ ಫೋನ್ ಮಾಡಿದ್ರು. ಮನೆತನದ ಮಾನ ಹೋಯ್ತು ಅಂತ ಒಂದೇ ಸಮ ಅತ್ರು.”

“ಅಳೋದಾದ್ರೆ ಮಗೂಗೋಸ್ಕರ ಅಳು ಅಂತ ನಾನೇ ಹೇಳ್ತೀನಿ ಅವಳಿಗೆ.”

“ಮೈದುನನ ಹತ್ರ ಹಳೇ ಕೀಲಿ ಇನ್ನೂ ಇದೆ, ಅತ್ತೆ.”

“ಇರಲಿ ಬಿಡು, ಕಿವಿ ಕೆರ್ಕೊಳ್ಳೋಕಾಗುತ್ತೆ.”

ಸೊಸೆ ನಕ್ಕುಬಿಟ್ಟಳು. ಅಂಗಡಿಯವನು ಯಂತ್ರ ನಿಲ್ಲಿಸಿ, “ಎಷ್ಟು ಕೀಲಿ ಮಾಡ್ಲಮ್ಮಾ?” ಎಂದ.

“ಮೂರು,” ಎಂದಳು ಸೊಸೆ. “ನಮ್ಮನೇಲಿ ದೊಡ್ಡೋರಿಗೆ ಮಾತ್ರ ಕೊಡೋದು.”

“ದೊಡ್ಡೋನು ಅಂತ ಕೊಟ್ಟಿದ್ದು ಸಾಕು. ನಾಲ್ಕು ಮಾಡಪ್ಪ. ಮೊದಲನೇದು ನನ್ನ ಮೊಮ್ಮಗಳಿಗೆ.”

ಕೀಲಿಗಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಅತ್ತೆ ಮೆಟ್ಟಿಲಿಳಿದರು. ಹಿಂದೆ ಹೊರಟ ಸೊಸೆ ಫೋನು ಕಿವಿಗಿಟ್ಟುಕೊಂಡಿದ್ದಳು.

“ಅಮ್ಮಾ, ಪುಟ್ಟಿ ಅಲ್ಲಿಗೆ ಬರಲ್ಲ. ಅವಳ ಮನೇಲೇ ಇರ್ತಾಳೆ.”